ಒಂದೇ ಅಂಗನವಾಡಿ, ಒಂದೇ ಊಟ: ಕೆಲವು ಮಕ್ಕಳು ಮಾತ್ರ ಯಾಕೆ ಬೆಳೆಯುವುದಿಲ್ಲ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಎಲ್ಲ ಮಕ್ಕಳಿಗೂ ಒಂದೇ ಆಹಾರ ಕೊಡುತ್ತೇವೆ. ಕೆಲವರು ಚೆನ್ನಾಗಿ ಬೆಳೆಯುತ್ತಾರೆ, ಕೆಲವರ ಎತ್ತರ ಏರುವುದೇ ಇಲ್ಲ. ತರಬೇತಿಯಲ್ಲಿ 'ಸಾಮಾಜಿಕ ಅಪಾಯದ ಅಂಶಗಳು' ಅಂತ ಒಂದು ಪಟ್ಟಿ ತೋರಿಸಿದರು. ತಾಯಿ ಓದಿಲ್ಲ, ಚಿಕ್ಕ ವಯಸ್ಸಿನಲ್ಲಿ ಮದುವೆ, ಬಡತನ, ಶೌಚಾಲಯ ಇಲ್ಲ, ಹೀಗೆ. ಆಮೇಲೆ ತಿಂಗಳ ಸಭೆಯಲ್ಲಿ ಆ ತಾಯಂದಿರನ್ನೇ ಎಲ್ಲರ ಮುಂದೆ ನಿಲ್ಲಿಸಿ ಬೈಯುತ್ತಾರೆ. ಈ ಪಟ್ಟಿ ನಿಜವಾ? ನಿಜ ಆದರೆ ತಪ್ಪು ತಾಯಿಯದೇನಾ? ನಾನು ಏನು ಮಾಡಬಹುದು?

ಉತ್ತರ: ಪಟ್ಟಿ ನಿಜ. ತಪ್ಪು ತಾಯಿಯದು ಅನ್ನೋದು ನಿಜ ಅಲ್ಲ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಟೀಚರ್. ಏಕೆಂದರೆ ಆ ಪಟ್ಟಿಯನ್ನು ಯಾರೋ ತಪ್ಪಾಗಿ ಓದಿದ್ದರಿಂದಲೇ ಆ ತಾಯಂದಿರು ಸಭೆಯಲ್ಲಿ ಬೈಸಿಕೊಳ್ಳುತ್ತಿದ್ದಾರೆ.

"ನಮ್ಮ ಜನ ಇರೋದೇ ಕುಳ್ಳಗೆ, ಮಕ್ಕಳು ಇನ್ನು ಹೇಗಿರ್ತಾರೆ" ಅನ್ನೋ ಮಾತನ್ನು ನೀವು ಕೇಳಿರುತ್ತೀರಿ. ಮೊದಲು ಅದನ್ನು ಬದಿಗಿಡೋಣ. ನಿಮ್ಮ ಬೆಳವಣಿಗೆ ಚಾರ್ಟ್‌ನಲ್ಲಿರುವ ಗೆರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದಿತು. ಅದಕ್ಕಾಗಿ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳಲ್ಲಿ ಮಕ್ಕಳನ್ನು ಅಳೆದಿದ್ದರು. ಭಾರತದ ಮಕ್ಕಳು ದಕ್ಷಿಣ ದೆಹಲಿಯವರು. ಎದೆಹಾಲು ಕುಡಿದ, ಮನೆಯಲ್ಲಿ ಅನುಕೂಲ ಇದ್ದ, ಕಾಯಿಲೆ ಬಂದಾಗ ಚಿಕಿತ್ಸೆ ಸಿಗುವಂಥ ಮಕ್ಕಳನ್ನೇ ಆರಿಸಿಕೊಂಡಿದ್ದರು. ಆರೂ ದೇಶಗಳಲ್ಲಿ ಮಕ್ಕಳು ಹೆಚ್ಚುಕಡಿಮೆ ಒಂದೇ ಥರ ಬೆಳೆದರು. ಅಂದರೆ ಮೊದಲ ಐದು ವರ್ಷದಲ್ಲಿ ಮಗುವಿನ ಎತ್ತರವನ್ನು ತೀರ್ಮಾನಿಸುವುದು ಹೆಚ್ಚಾಗಿ ಜಾತಿ, ಕುಲ, ದೇಶ ಅಲ್ಲ. ಅದಕ್ಕೆ ಸಿಕ್ಕ ಬದುಕು.

ಈ ಲೆಕ್ಕದಲ್ಲಿ ಎರಡೂವರೆ ವರ್ಷದ ಹೆಣ್ಣುಮಗು ಸುಮಾರು 91 ಸೆಂ.ಮೀ. ಇರುತ್ತದೆ. 83.6 ಸೆಂ.ಮೀ.ಗಿಂತ ಕಮ್ಮಿ ಇದ್ದರೆ ಬೆಳವಣಿಗೆ ಕುಂಠಿತವಾಗಿದೆ ಎನ್ನುತ್ತೇವೆ. ಚೆನ್ನಾಗಿ ಬೆಳೆಯುತ್ತಿರುವ ಜನರಲ್ಲೂ ನೂರಕ್ಕೆ ಎರಡು ಮಕ್ಕಳು ಈ ಗೆರೆಯ ಕೆಳಗೆ ಬರುತ್ತಾರೆ. ಅವರು ಹುಟ್ಟಾ ಗಿಡ್ಡ ಅಷ್ಟೇ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಶೇ 35.4ರಷ್ಟು ಮಕ್ಕಳು ಗೆರೆಯ ಕೆಳಗಿದ್ದರು. 2015-16ರಲ್ಲಿ ಶೇ 36.2 ಇತ್ತು. ಇಷ್ಟು ವರ್ಷದಲ್ಲಿ ಒಂದು ಅಂಶದಷ್ಟೂ ಇಳಿಯಲಿಲ್ಲ. ಪಕ್ಕದ ಕೇರಳದಲ್ಲಿ ಅದು ಶೇ 23.4. ನಿಮ್ಮ ಯಾದಗಿರಿಯಲ್ಲಿ ಅರ್ಧಕ್ಕಿಂತ ಜಾಸ್ತಿ. ಒಂದು ಜಿಲ್ಲೆಯ ಅರ್ಧಕ್ಕಿಂತ ಹೆಚ್ಚು ತಾಯಂದಿರು ಒಟ್ಟಿಗೆ ಬೇಜವಾಬ್ದಾರಿಯವರಾಗಿರಲು ಸಾಧ್ಯವಾ? ಸಭೆಯಲ್ಲಿ ಬೈಯುವವರನ್ನು ಇದೊಂದು ಪ್ರಶ್ನೆ ಕೇಳಿದರೂ ಸಾಕು.

ಈಗ ಪಟ್ಟಿಗೆ ಬರೋಣ. ಅದನ್ನು ಹೇಗೆ ಮಾಡುತ್ತಾರೆ? ಸಾವಿರಾರು ಮನೆಗಳಿಗೆ ಹೋಗಿ ಮಕ್ಕಳನ್ನು ಅಳೆಯುತ್ತಾರೆ, ಮನೆಯ ವಿವರ ಬರೆದುಕೊಳ್ಳುತ್ತಾರೆ, ಆಮೇಲೆ ಹೋಲಿಸುತ್ತಾರೆ. ಅದೇ ಸಮೀಕ್ಷೆಯಲ್ಲಿ, ಇಡೀ ದೇಶದ ಲೆಕ್ಕದಲ್ಲಿ, ಶಾಲೆಗೇ ಹೋಗದ ತಾಯಂದಿರ ಮಕ್ಕಳಲ್ಲಿ ಶೇ 46 ಕುಂಠಿತ. 12ನೇ ತರಗತಿ ಅಥವಾ ಅದಕ್ಕಿಂತ ಹೆಚ್ಚು ಓದಿದವರ ಮಕ್ಕಳಲ್ಲಿ ಶೇ 26. ವ್ಯತ್ಯಾಸ ದೊಡ್ಡದು, ನಿಜ. ಆದರೆ ಇನ್ನೊಂದು ಕಡೆಯಿಂದ ಓದಿ ನೋಡಿ. ಶಾಲೆ ಮೆಟ್ಟಿಲೇ ಹತ್ತದ ತಾಯಂದಿರ ನೂರು ಮಕ್ಕಳಲ್ಲಿ 54 ಮಕ್ಕಳು ಸರಿಯಾಗಿಯೇ ಬೆಳೆಯುತ್ತಿದ್ದಾರೆ. ಚೆನ್ನಾಗಿ ಓದಿದವರ ನಾಲ್ಕು ಮಕ್ಕಳಲ್ಲಿ ಒಂದು ಬೆಳೆಯುತ್ತಿಲ್ಲ. ಹಾಗಾಗಿ ನಿಮ್ಮ ಮುಂದೆ ನಿಂತ ಒಬ್ಬ ತಾಯಿಯನ್ನು ನೋಡಿ, ಇವಳು ಓದಿಲ್ಲ, ಅದಕ್ಕೇ ಮಗು ಹೀಗಿದೆ ಅಂತ ಹೇಳಲು ಆ ಅಂಕಿಅಂಶ ಯಾರಿಗೂ ಅಧಿಕಾರ ಕೊಡುವುದಿಲ್ಲ. ಯಾವ ಗುಂಪಿನ ಮಕ್ಕಳಿಗೆ ಅಪಾಯ ಜಾಸ್ತಿ, ಸರ್ಕಾರದ ಗಮನ ಮೊದಲು ಯಾವ ಕಡೆ ಹೋಗಬೇಕು ಅಂತ ತಿಳಿಯಲು ಮಾಡಿದ ಪಟ್ಟಿ ಅದು.

ಇನ್ನೂ ಒಂದು ತೊಡಕಿದೆ. ಶಾಲೆಗೆ ಹೋಗದ ಹೆಣ್ಣುಮಗಳಿಗೆ ಬರೀ ಅಕ್ಷರ ತಪ್ಪಿರುವುದಿಲ್ಲ. ಅವಳ ಮದುವೆ ಬೇಗ ಆಗಿರುತ್ತದೆ. ಹೊಲ ಇರುವುದಿಲ್ಲ, ಕೂಲಿಯೇ ಗತಿ. ಆರೋಗ್ಯ ಕೇಂದ್ರ ದೂರ. ಮನೆ ಊರಿನ ಅಂಚಿನ ಕೇರಿಯಲ್ಲೋ ತಾಂಡಾದಲ್ಲೋ ಇರುತ್ತದೆ. ಇವೆಲ್ಲ ಒಟ್ಟೊಟ್ಟಿಗೆ ಬರುತ್ತವೆ. ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಿದೆ ಅಂತ ಬಿಡಿಸುವುದೇ ಸಂಶೋಧಕರಿಗೆ ಕಷ್ಟದ ಕೆಲಸ. ಹಣ ಒಂದೇ ಕಾರಣ ಅನ್ನೋಣ ಅಂದರೆ, ದೇಶದ ಅತಿ ಸ್ಥಿತಿವಂತ ಐದನೇ ಒಂದು ಭಾಗದ ಮನೆಗಳಲ್ಲೂ ಶೇ 23ರಷ್ಟು ಮಕ್ಕಳು ಕುಂಠಿತರಾಗಿದ್ದಾರೆ. ಆ ಮನೆಗಳಲ್ಲಿ ಕಾಳುಕಡಿ ಇರಲಿಲ್ಲ ಅನ್ನೋಕೆ ಆಗಲ್ಲ. ಹಾಗಾದರೆ ಏನು?

ನನ್ನ ಮಟ್ಟಿಗೆ ಇದಕ್ಕೆ ಅತ್ಯಂತ ಸ್ಪಷ್ಟ ಉತ್ತರ ಕೊಟ್ಟದ್ದು ಡಯಾನ್ ಕಾಫಿ, ರೀತಿಕಾ ಖೇರಾ ಮತ್ತು ಡೀನ್ ಸ್ಪಿಯರ್ಸ್ ಮಾಡಿದ ಒಂದು ಅಧ್ಯಯನ. ಅವರು ಹಳ್ಳಿಗಳ ಕೂಡುಕುಟುಂಬಗಳನ್ನು ತೆಗೆದುಕೊಂಡರು. ಅಣ್ಣತಮ್ಮಂದಿರು ಹೆಂಡತಿ ಮಕ್ಕಳ ಜೊತೆ ಒಂದೇ ಮನೆಯಲ್ಲಿ ಇರುವಂಥವು. ಒಲೆ ಒಂದೇ, ನೀರು ಒಂದೇ, ಶೌಚಾಲಯ ಇದ್ದರೂ ಇಲ್ಲದಿದ್ದರೂ ಇಬ್ಬರಿಗೂ ಅದೇ, ಅಜ್ಜ ಅಜ್ಜಿಯೂ ಅವರೇ. ಹಿರಿ ಸೊಸೆಯ ಮಕ್ಕಳನ್ನೂ ಕಿರಿ ಸೊಸೆಯ ಮಕ್ಕಳನ್ನೂ ಹೋಲಿಸಿದರು. ಕಿರಿ ಸೊಸೆಯ ಮಕ್ಕಳು ಸರಾಸರಿಯಲ್ಲಿ ಗಿಡ್ಡ ಇದ್ದರು. ಆ ಮನೆಗಳಲ್ಲಿ ಕಿರಿ ಸೊಸೆಗೆ ಮಾತು ಕಮ್ಮಿ, ತೀರ್ಮಾನದಲ್ಲಿ ಪಾಲು ಕಮ್ಮಿ, ತೂಕವೂ ಕಮ್ಮಿ. ಅವಳ ಸ್ಥಾನ ಅವಳ ಮಗುವಿನ ಮೂಳೆಯ ಉದ್ದದಲ್ಲಿ ಅಳತೆಗೆ ಸಿಗುತ್ತಿದೆ. ಸಾಮಾಜಿಕ ಅಪಾಯದ ಅಂಶ ಅಂದರೆ ಏನು ಅಂತ ನೀವು ಕೇಳಿದಿರಿ, ಅಲ್ವಾ? ಇದೇ ಅದು. ಅವಳು ಮಾಡಿದ್ದಲ್ಲ. ಅವಳಿಗೆ ಆದದ್ದು.

ಹೊಟ್ಟೆಯಲ್ಲಿರುವಾಗಲೇ ಇದು ಶುರುವಾಗುತ್ತದೆ. ಕಾಫಿಯವರದೇ 2015ರ ಇನ್ನೊಂದು ಲೆಕ್ಕದ ಪ್ರಕಾರ, ಭಾರತದಲ್ಲಿ ಬಸಿರು ನಿಲ್ಲುವ ಹೊತ್ತಿಗೆ ನೂರಕ್ಕೆ ಸುಮಾರು 42 ಹೆಂಗಸರು ತೂಕ ಕಮ್ಮಿ ಇರುವವರು. ಸಹಾರಾ ದಕ್ಷಿಣದ ಆಫ್ರಿಕಾದಲ್ಲಿ ಅದು ಶೇ 16.5. ಆ ಭಾಗ ನಮಗಿಂತ ಬಡವಾದರೂ ಹೀಗೆ. ನಮ್ಮಲ್ಲಿ ಬಸುರಿಯರ ತೂಕ ಸರಾಸರಿ ಏರುವುದೂ 7 ಕೆ.ಜಿ. ಮಾತ್ರ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. 20ರಿಂದ 24 ವರ್ಷದವರಲ್ಲಿ ಶೇ 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. 17ರ ಹುಡುಗಿ ತಾನೇ ಇನ್ನೂ ಬೆಳೆಯುತ್ತಿರುತ್ತಾಳೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುತ್ತಾಳೆ. ಅವಳ ಮಗು ಎರಡು ಕಿಲೋ ಚಿಲ್ಲರೆ ತೂಗಿ ಹುಟ್ಟಿದರೆ, ಆರು ತಿಂಗಳಾದ ಮೇಲೆ ನೀವು ಎಷ್ಟೇ ಪುಷ್ಟಿ ಪುಡಿ ಕೊಟ್ಟರೂ ಆ ಹಿಂದುಳಿಕೆ ಪೂರ್ತಿ ತುಂಬುವುದು ಕಷ್ಟ. ಪ್ರಪಂಚದಲ್ಲಿ ಕುಂಠಿತವಾದ ಮಕ್ಕಳಲ್ಲಿ ಸುಮಾರು ಐದರಲ್ಲೊಂದು ಪಾಲು ಗರ್ಭದಲ್ಲೇ ಬೆಳವಣಿಗೆ ಕಮ್ಮಿಯಾಗಿದ್ದವರು ಅನ್ನೋ ಅಂದಾಜು ಇದೆ.

ಗಂಡುಮಗುವಿನ ಆಸೆಯೂ ಇಲ್ಲಿ ಬರುತ್ತದೆ. ಸೀಮಾ ಜಯಚಂದ್ರನ್ ಮತ್ತು ರೋಹಿಣಿ ಪಾಂಡೆ 2017ರಲ್ಲಿ ಭಾರತ ಮತ್ತು ಆಫ್ರಿಕಾದ ಮಕ್ಕಳ ಎತ್ತರ ಹೋಲಿಸಿ ಪ್ರಕಟಿಸಿದರು. ನಮ್ಮ ಮನೆಗಳ ಹಿರಿಯ ಗಂಡುಮಗು ಆಫ್ರಿಕಾದ ಮಕ್ಕಳಿಗಿಂತ ಏನೂ ಗಿಡ್ಡ ಅಲ್ಲ. ಎರಡನೆಯದು, ಮೂರನೆಯದು ಅಂತ ಹೋದ ಹಾಗೆ ನಮ್ಮ ಮಕ್ಕಳ ಎತ್ತರ ಹೆಚ್ಚು ವೇಗವಾಗಿ ಇಳಿಯುತ್ತದೆ. ನಿಮ್ಮ ರಿಜಿಸ್ಟರ್ ತೆಗೆದು ಕುಂಠಿತವಾದ ಮಕ್ಕಳು ಮನೆಯಲ್ಲಿ ಎಷ್ಟನೆಯವರು, ಗಂಡೋ ಹೆಣ್ಣೋ ಅಂತ ಒಮ್ಮೆ ನೋಡಿ.

ಇನ್ನು ಸಮಯ. ಬೈಗುಳದಲ್ಲಿ ಎಲ್ಲರೂ ಮರೆಯುವುದು ಇದನ್ನೇ. 9 ತಿಂಗಳಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟ, ನಡುವೆ ಒಂದೆರಡು ಸಲ ಏನಾದರೂ ತಿನ್ನಲು ಬೇಕು. ಅದರ ಹೊಟ್ಟೆ ಸಣ್ಣದು, ಒಂದೇ ಸಲಕ್ಕೆ ಜಾಸ್ತಿ ಹಿಡಿಯಲ್ಲ. ಪಕ್ಕದಲ್ಲಿ ಕೂತು, ಮಾತಾಡಿಸುತ್ತಾ ಉಣಿಸಬೇಕು. ಈಗ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು, ನೆಲ್ಲು ನಾಟಿಗೆ ಬೆಳಗ್ಗೆಯೇ ಹೊರಡುವ ತಾಯಿಯ ದಿನ ನೋಡಿ. ನಸುಕಿನಲ್ಲಿ ರೊಟ್ಟಿ ಬಡಿದು ಇಟ್ಟು ಹೋಗುತ್ತಾಳೆ. ಮಗುವನ್ನು ಏಳೆಂಟು ವರ್ಷದ ಅಕ್ಕ ನೋಡಿಕೊಳ್ಳುತ್ತಾಳೆ. ಗಟ್ಟಿ ಜೋಳದ ರೊಟ್ಟಿ ಮಗುವಿಗೆ ಜಗಿಯಲು ಬರಲ್ಲ. ಅತ್ತಾಗ ಐದು ರೂಪಾಯಿಯ ಕುರುಕಲು ಪ್ಯಾಕೆಟ್ ಬರುತ್ತದೆ. ಆ ತಾಯಿಗೆ ಏನು ಉಣಿಸಬೇಕು ಅಂತ ಗೊತ್ತಿಲ್ಲ ಅಂದುಕೊಳ್ಳಬೇಡಿ. ಕೇಳಿದರೆ ಬ್ಯಾಳಿ, ತತ್ತಿ, ಸೊಪ್ಪು ಅಂತ ಅವಳೇ ಹೇಳುತ್ತಾಳೆ. ಹಗಲು ಅವಳು ಅಲ್ಲಿ ಇಲ್ಲ ಅಷ್ಟೇ. ದೇಶದಲ್ಲಿ 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಸಲ, ಸಾಕಷ್ಟು ಬಗೆಯ ಆಹಾರ ಸಿಗುತ್ತಿರುವುದು ಶೇ 11.3 ಮಕ್ಕಳಿಗೆ ಮಾತ್ರ. ಉಳಿದ ಎಲ್ಲ ಮನೆಗಳಿಗೂ ಬುದ್ಧಿವಾದದ ಕೊರತೆ ಇದೆ ಅಂತ ನಾನು ನಂಬುವುದಿಲ್ಲ.

ಗುಳೆ ಹೋಗುವ ಕುಟುಂಬಗಳದ್ದು ಇನ್ನೂ ಕಷ್ಟ. ಮಗು ಬೆಂಗಳೂರಿನ ಯಾವುದೋ ಕಟ್ಟಡದ ಪಕ್ಕದ ಶೆಡ್‌ನಲ್ಲಿರುತ್ತದೆ. ನಿಮ್ಮ ಪಟ್ಟಿಯಲ್ಲಿ ಹೆಸರಿದೆ, ತೂಕ ಇಲ್ಲ. ಅಲ್ಲಿನ ಅಂಗನವಾಡಿಯ ಪಟ್ಟಿಯಲ್ಲಿ ಹೆಸರೇ ಇಲ್ಲ. ಅಂಗನವಾಡಿಯ ಆ್ಯಪ್ ಆದ ಪೋಷಣ್ ಟ್ರ್ಯಾಕರ್‌ನಲ್ಲಿ ಬೇರೆ ಕೇಂದ್ರಕ್ಕೆ ವರ್ಗಾಯಿಸುವ ಅವಕಾಶ ಇದೆ. ಹೊರಡುವ ಮೊದಲೇ ಕುಟುಂಬಕ್ಕೆ ಅದನ್ನು ಹೇಳಿ, ತಾಯಿ ಕಾರ್ಡ್ ಜೊತೆಗೆ ಒಯ್ಯುವಂತೆ ಮಾಡಿ.

ಇಷ್ಟು ಕೇಳಿದ ಮೇಲೆ, ಪಟ್ಟಿಯಲ್ಲಿರುವ ಒಂದೊಂದನ್ನೇ ಸರಿ ಮಾಡುತ್ತಾ ಹೋದರೆ ಮಗು ಬೆಳೆಯುತ್ತದೆ ಅಂತ ಅನ್ನಿಸಬಹುದು. ಅಷ್ಟು ಸುಲಭ ಅಲ್ಲ. ಶೌಚಾಲಯದ ಕಥೆಯನ್ನೇ ನೋಡಿ. ಬಯಲು ಬಹಿರ್ದೆಸೆ ಇರುವ ಕಡೆ ಮಕ್ಕಳು ಗಿಡ್ಡ ಅಂತ ಎಷ್ಟೋ ಸಮೀಕ್ಷೆಗಳು ತೋರಿಸಿದ್ದವು. ಆದ್ದರಿಂದ ಬಾಂಗ್ಲಾದೇಶ, ಕೀನ್ಯಾ ಮತ್ತು ಜಿಂಬಾಬ್ವೆಯಲ್ಲಿ ದೊಡ್ಡ ಪ್ರಯೋಗಗಳನ್ನೇ ಮಾಡಿದರು. ಕೆಲವು ಮನೆಗಳಿಗೆ ಶೌಚಾಲಯ, ಕೈತೊಳೆಯುವ ವ್ಯವಸ್ಥೆ, ನೀರಿನ ಶುದ್ಧೀಕರಣ ಕೊಟ್ಟರು. ಕೆಲವು ಮನೆಗಳಿಗೆ ಮಗುವಿನ ಆಹಾರದ ಬಗ್ಗೆ ಸಲಹೆ ಮತ್ತು ಪೌಷ್ಟಿಕ ಪೇಸ್ಟ್ ಕೊಟ್ಟರು. 2018 ಮತ್ತು 2019ರಲ್ಲಿ ಫಲಿತಾಂಶ ಬಂತು. ಆಹಾರ ಕೊಟ್ಟ ಕಡೆ ಮಕ್ಕಳ ಉದ್ದ ಸ್ವಲ್ಪ ಹೆಚ್ಚಿತು. ಶೌಚಾಲಯ, ನೀರು, ಸಾಬೂನು ಕೊಟ್ಟ ಕಡೆ ಉದ್ದದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಾಂಗ್ಲಾದೇಶದಲ್ಲಿ ಭೇದಿ ಕಮ್ಮಿಯಾಯಿತು, ಆದರೂ ಉದ್ದ ಏರಲಿಲ್ಲ.

ಶೌಚಾಲಯ ಬೇಡ ಅಂತ ಇದರ ಅರ್ಥ ಅಲ್ಲ. ಮಾನಕ್ಕೂ ಬೇಕು, ರೋಗ ತಡೆಯಲೂ ಬೇಕು. ಆದರೆ ಸುತ್ತ ಕೋಳಿ, ದನ, ತೆರೆದ ಚರಂಡಿ, ಕೆಸರು ಹಾಗೇ ಇರುವಾಗ ಒಂದು ಮನೆಗೆ ಒಂದು ಗುಂಡಿ ಕೊಟ್ಟರೆ ತೆವಳುವ ಮಗುವಿನ ಬಾಯಿಗೆ ಹೋಗುವ ಕೊಳಕು ಅಷ್ಟೇನೂ ಕಮ್ಮಿಯಾಗಲ್ಲ. ಇಡೀ ಕೇರಿಗೆ ಚರಂಡಿ, ಮನೆಗೆ ನಲ್ಲಿ ನೀರು, ಗಟ್ಟಿ ನೆಲ ಬೇಕು. ಅದು ಪಂಚಾಯಿತಿಯ ಕೆಲಸ. ಒಬ್ಬ ತಾಯಿಗೆ "ಕೈ ತೊಳಿ" ಅಂತ ಹೇಳಿ ಮುಗಿಸುವಂಥದ್ದಲ್ಲ.

ಆಹಾರ ಯಾವಾಗ ಕೊಡಬೇಕು ಅನ್ನೋದಕ್ಕೆ ಗ್ವಾಟೆಮಾಲಾದ ಅಧ್ಯಯನಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. 1969ರಿಂದ 1977ರವರೆಗೆ ನಾಲ್ಕು ಹಳ್ಳಿಗಳಲ್ಲಿ ನಡೆದದ್ದು. ಎರಡು ಹಳ್ಳಿಗಳಲ್ಲಿ ಪ್ರೋಟೀನ್ ಇರುವ ಗಂಜಿ, ಇನ್ನೆರಡರಲ್ಲಿ ಬರೀ ಸಿಹಿ ಪಾನೀಯ. ಗಂಜಿ ಕುಡಿದ ಮಕ್ಕಳು ಮೂರು ವರ್ಷದೊಳಗಿದ್ದರೆ ಎತ್ತರ ಬೆಳೆದರು. ಮೂರು ದಾಟಿದ ಮೇಲೆ ಕುಡಿದವರ ಎತ್ತರಕ್ಕೆ ಅದರಿಂದ ಲಾಭ ಕಾಣಲಿಲ್ಲ. ಆ ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಹುಡುಕಿ ಹೋದರು. ಎರಡು ವರ್ಷದೊಳಗೆ ಗಂಜಿ ಸಿಕ್ಕಿದ್ದ ಗಂಡಸರ ಗಂಟೆಯ ಸಂಪಾದನೆ ಸುಮಾರು ಶೇ 46 ಜಾಸ್ತಿ ಇತ್ತು.

ಈಗ ನಿಮ್ಮ ಮೊದಲ ಪ್ರಶ್ನೆಗೆ ಇದನ್ನು ಸೇರಿಸಿ ನೋಡಿ. ಅಂಗನವಾಡಿಗೆ ದಿನಾ ಬಂದು ಕೂತು ಉಣ್ಣುವವರು ಯಾರು? ಮೂರರಿಂದ ಆರು ವರ್ಷದವರು. ಎತ್ತರ ತೀರ್ಮಾನವಾಗುವ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಹೋಗುವುದು ಮನೆಗೆ ಒಯ್ಯುವ ಪೊಟ್ಟಣ. ಅದರ ಲೆಕ್ಕ ಒಂದು ಮಗುವಿಗೆ. ಮನೆಯಲ್ಲಿ ನಾಲ್ಕು ಮಕ್ಕಳಿದ್ದರೆ ಯಾವ ತಾಯಿ ಒಂದಕ್ಕೆ ಮಾತ್ರ ಕೊಟ್ಟು ಉಳಿದವರಿಗೆ ಬೇಡ ಅಂದಾಳು? ಹಾಗಾಗಿ "ಒಂದೇ ಊಟ ಕೊಡುತ್ತೇವೆ" ಅಂತ ನೀವು ಬರೆದದ್ದು ನಿಮ್ಮ ಕಡೆಯಿಂದ ನಿಜ. ಮಗುವಿನ ಬಾಯಿಗೆ ತಲುಪುವುದು ಮಾತ್ರ ಒಂದೇ ಅಲ್ಲ. ಈ ಯೋಜನೆ 1975ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ ಶುರುವಾಯಿತು. ಐವತ್ತು ವರ್ಷವಾದರೂ ಮೂರರ ಕೆಳಗಿನ ಮಗು ಈ ವ್ಯವಸ್ಥೆಯ ಅಂಚಿನಲ್ಲೇ ಉಳಿದಿದೆ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ.

ಹಾಗಂತ ಈಗಾಗಲೇ ಕುಂಠಿತವಾದ ಮಕ್ಕಳ ಕೈ ಬಿಡಬೇಡಿ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1980ರ ದಶಕದಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಅವರ ತಂಡ 129 ಕುಂಠಿತ ಮಕ್ಕಳ ಮೇಲೆ ಅಧ್ಯಯನ ಮಾಡಿದರು. ಕೆಲವರಿಗೆ ಪೂರಕ ಆಹಾರ. ಇನ್ನು ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ಹೋಗಿ, ಒಂದು ಗಂಟೆ ತಾಯಿಗೆ ಮಗುವಿನ ಜೊತೆ ಆಡುವುದು, ಮಾತಾಡುವುದು ತೋರಿಸಿಕೊಡುತ್ತಿದ್ದಳು. ಎರಡು ವರ್ಷ ಅಷ್ಟೇ. ಇಪ್ಪತ್ತು ವರ್ಷದ ನಂತರ ನೋಡಿದರೆ ಆಟ, ಮಾತು ಸಿಕ್ಕ ಗುಂಪಿನವರ ಸಂಪಾದನೆ ಶೇ 25 ಹೆಚ್ಚಿತ್ತು. ಎತ್ತರ ಕಮ್ಮಿಯಾದ ಮಗುವಿನ ಬುದ್ಧಿಯನ್ನು ಬೆಳೆಸಲು ಆಗುತ್ತದೆ. ಆ ಕೆಲಸ ನೀವು ಮಾಡುತ್ತಲೇ ಇದ್ದೀರಿ. ನಿಮ್ಮ ಹಾಡು, ಕಥೆ, ಬಣ್ಣದ ಮಣಿಗಳನ್ನು ಯಾರೂ ಸುಮ್ನೆ ಕಾಲಕಳೆಯುವುದು ಅನ್ನದಿರಲಿ.

ನೀವು ಏನು ಮಾಡಬಹುದು ಅಂದಿರಿ. ಮೊದಲು ಅಳತೆ ಸರಿ ಇದೆಯಾ ನೋಡಿ. ಎರಡು ವರ್ಷದ ಒಳಗಿನವರನ್ನು ಮಲಗಿಸಿ, ಮೇಲಿನವರನ್ನು ನಿಲ್ಲಿಸಿ ಅಳೆಯಬೇಕು. ಅದಲು ಬದಲಾದರೆ ಸುಮಾರು 0.7 ಸೆಂ.ಮೀ. ವ್ಯತ್ಯಾಸ ಬರುತ್ತದೆ. ಹುಟ್ಟಿದ ದಿನ ತಾಯಿ ಕಾರ್ಡ್ ನೋಡಿ ಬರೆಯಿರಿ. ಎರಡು ತಿಂಗಳು ಆಚೀಚೆ ಆದರೂ ಮಗು ಗೆರೆಯ ಇನ್ನೊಂದು ಕಡೆ ಬೀಳಬಹುದು.

ಆಮೇಲೆ, ನಿಮ್ಮ ಊರಲ್ಲೇ ಉತ್ತರ ಹುಡುಕಿ. 1990ರ ಸುಮಾರಿಗೆ ವಿಯೆಟ್ನಾಂನ ಥಾನ್ ಹೋವಾ ಪ್ರಾಂತ್ಯದಲ್ಲಿ ಜೆರ್ರಿ ಸ್ಟರ್ನಿನ್ ಮತ್ತು ಮೊನಿಕ್ ಸ್ಟರ್ನಿನ್ ಹೀಗೇ ಮಾಡಿದರು. ಕಡುಬಡವರಾಗಿದ್ದೂ ಮಕ್ಕಳು ಚೆನ್ನಾಗಿರುವ ಮನೆಗಳನ್ನು ಊರವರಿಂದಲೇ ಹುಡುಕಿಸಿದರು. ಆ ತಾಯಂದಿರು ಗದ್ದೆಯ ಸಣ್ಣ ಸಿಗಡಿ, ಏಡಿ, ಗೆಣಸಿನ ಸೊಪ್ಪು ಇವನ್ನು ಮಗುವಿನ ಅನ್ನಕ್ಕೆ ಬೆರೆಸುತ್ತಿದ್ದರು. ಉಳಿದವರು ದಿನಕ್ಕೆ ಎರಡು ಸಲ ಉಣಿಸಿದರೆ ಇವರು ನಾಲ್ಕೈದು ಸಲ. ಅದನ್ನೇ ಉಳಿದ ತಾಯಂದಿರು ಅವರಿಂದ ಕಲಿತರು. ನಿಮ್ಮ ಊರಲ್ಲೂ ಅಂಥ ಮನೆಗಳಿವೆ. ಅಂಥ ತಾಯಿ ರೊಟ್ಟಿಯನ್ನು ಬ್ಯಾಳಿಯಲ್ಲಿ ನೆನೆಸಿ ಮಿದಿಯುತ್ತಿರಬಹುದು, ನುಚ್ಚಿಗೆ ಶೇಂಗಾ ಪುಡಿ ಹಾಕುತ್ತಿರಬಹುದು, ಸಂಜೆ ತತ್ತಿ ಬೇಯಿಸುತ್ತಿರಬಹುದು. ಹಗಲು ಮಗು ಯಾರ ಹತ್ತಿರ ಇರುತ್ತದೆ, ಅದನ್ನೂ ಕೇಳಿ. ಸಭೆಯಲ್ಲಿ ಅವಳನ್ನು ಮಾತಾಡಿಸಿ.

ಮನೆಭೇಟಿಯಲ್ಲಿ ಅತ್ತೆಯ ಜೊತೆ, ಗಂಡನ ಜೊತೆ ಮಾತಾಡಿ. ಸೊಸೆಗೆ ಹೇಳಿದ್ದನ್ನೇ ಮತ್ತೆ ಹೇಳಿ ಪ್ರಯೋಜನ ಕಮ್ಮಿ. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಕೊಡುವ ಮಾತೃಪೂರ್ಣ ಯೋಜನೆಯ ಬಿಸಿಯೂಟ 2017ರಿಂದ ಇದೆ. ಆದರೆ ಬಾಣಂತಿ ಹೊರಗೆ ಬರಬಾರದು ಅನ್ನುವ ಮನೆಯಲ್ಲಿ, ಹೊಸ ಸೊಸೆ ಊಟಕ್ಕೆ ಹೊರಗೆ ಹೋಗುವುದು ಅವಮಾನ ಅನ್ನುವ ಮನೆಯಲ್ಲಿ, ಕಳಿಸಬೇಕಾದವರು ಅತ್ತೆ. ಹಣದ ವಿಷಯವೂ ಹಾಗೇ. ರೇಷನ್ ಕಾರ್ಡ್‌ನಲ್ಲಿ ಮನೆಯ ಯಜಮಾನಿ ಸಾಮಾನ್ಯವಾಗಿ ಹಿರಿಯ ಹೆಂಗಸು. ಗೃಹಲಕ್ಷ್ಮಿಯ 2,000 ರೂಪಾಯಿ ಅವರ ಖಾತೆಗೆ ಹೋಗುತ್ತದೆ. ಅದರಲ್ಲಿ ಚಿಕ್ಕ ಮಗುವಿಗೆ ದಿನಕ್ಕೊಂದು ತತ್ತಿ, ಬಸುರಿ ಸೊಸೆಗೆ ಒಂದು ಲೋಟ ಹಾಲು ಅಂತ ಅತ್ತೆಯಿಂದಲೇ ಮಾತು ತೆಗೆದುಕೊಳ್ಳಿ.

ಪಂಚಾಯಿತಿಗೆ ಹೋಗಿ ಕೂಸಿನ ಮನೆ, ಅಂದರೆ ಹಗಲು ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ, ಕೇಳಿ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ತೆರೆಯುತ್ತೇವೆ ಅಂತ 2023ರಲ್ಲಿ ರಾಜ್ಯ ಸರ್ಕಾರ ಘೋಷಿಸಿತ್ತು. ನಿಮ್ಮಲ್ಲಿ ಇಲ್ಲದಿದ್ದರೆ, ಇದ್ದೂ ಬೀಗ ಹಾಕಿದ್ದರೆ, ತಾಯಂದಿರೇ ಗ್ರಾಮಸಭೆಯಲ್ಲಿ ಎದ್ದು ಕೇಳಲಿ. ಮೂರರ ಕೆಳಗಿನ ಮಗುವಿಗೆ ಹಗಲು ಮೂರು ಸಲ ಉಣಿಸುವ ಒಬ್ಬರು ಸಿಕ್ಕರೆ, ನಾವು ವರ್ಷಗಟ್ಟಲೆ ಹೇಳುವ ಬುದ್ಧಿವಾದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಎತ್ತರದ ವಿಷಯ ನಿಧಾನದ್ದು. ತೋಳು ಅಳೆಯುವ ಪಟ್ಟಿಯದ್ದು ಹಾಗಲ್ಲ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಮ್ಮಿ ಬಂದರೆ, ಅಥವಾ ಎರಡೂ ಪಾದ ಬಾತು ಒತ್ತಿದರೆ ಗುಳಿ ಬಿದ್ದರೆ, ಅದು ತೀವ್ರ ಅಪೌಷ್ಟಿಕತೆ. ಅವತ್ತೇ ವೈದ್ಯರಿಗೆ ತೋರಿಸಿ. ಊಟ ಸೇರದಿದ್ದರೆ, ಜ್ವರ, ಭೇದಿ ಅಥವಾ ಬಾವು ಇದ್ದರೆ ಎನ್‌ಆರ್‌ಸಿಗೆ (ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ) ದಾಖಲು ಮಾಡಬೇಕು. ಅಲ್ಲಿ ಎರಡು ವಾರದವರೆಗೂ ಇರಬೇಕಾಗಬಹುದು. ಜೊತೆಗಿರುವ ತಾಯಿಗೆ ಕೂಲಿ ನಷ್ಟದ ಹಣ ಕೊಡುತ್ತಾರೆ, ಅದನ್ನು ಮೊದಲೇ ಹೇಳಿ. ಒಲ್ಲೆ ಅಂದರೆ ಹಠ ಅಂತ ಬರೆಯಬೇಡಿ. ಮನೆಯಲ್ಲಿ ಬಿಟ್ಟು ಹೋಗಬೇಕಾದ ಉಳಿದ ಮಕ್ಕಳಿಗೆ ಅಷ್ಟು ದಿನ ಯಾರು ಅಡುಗೆ ಮಾಡುತ್ತಾರೆ ಅಂತ ಕೇಳಿ. ಆಶಾ ಕಾರ್ಯಕರ್ತೆಯನ್ನೂ ಅವಳ ತವರಿನವರನ್ನೂ ಕೂರಿಸಿಕೊಂಡು ಆ ವ್ಯವಸ್ಥೆ ಮಾಡಿ, ಆಮೇಲೆ ಗಾಡಿ ಕರೆಸಿ.